ನಾಲ್ಕಿಂಚು ತಗ್ಗಿದರೆ

ಮಾಜಾಳಿ ಚೆಕ್‌ಪೋಸ್ಟಿನಲ್ಲಿ ನಿಂತ ಲಾರಿ ಖಾಲಿಯೋ ತುಂಬಿದೆಯೋ ಎಂದು ತಿಳಿಯಲು ಟಾರ್ಪಾಲು ಎತ್ತಿ ನೋಡಬೇಕಿಲ್ಲ. ರಸ್ತೆಯ ಪಕ್ಕಕ್ಕೆ ಸರಿದು, ಬಾಡಿಯ ಅಡಿಯಲ್ಲಿ ಮುಂದಿನಿಂದ ಹಿಂದಕ್ಕೆ ಹಾಯ್ದಿರುವ ಚಾಸಿಯ ಗೆರೆಯನ್ನು ನೋಡಿದರೆ ಸಾಕು. ಹಿಂಭಾಗ ಎತ್ತರವಾಗಿದ್ದು ಮೂತಿ ನೆಲದತ್ತ ವಾಲಿದ್ದರೆ ಲಾರಿ ಖಾಲಿ. ಗೆರೆ ಮಟ್ಟಸವಾಗಿದ್ದರೆ ಹದವಾದ ಹೇರು. ಹಿಂಭಾಗ ಕುಸಿದು ಮೂತಿ ಮೇಲೆದ್ದಿದ್ದರೆ ಮಾಲೀಕ ಕಾನೂನಿಗಿಂತ ಲಾಭವನ್ನು ಹೆಚ್ಚು ನಂಬಿದ್ದಾನೆ ಎಂದರ್ಥ. ಆಚೆ ಗೋವಾದ ಪೋಳೆಂ, ಈಚೆ ಕಾಳಿ ನದಿ; ನಡುವಿನ ಈ ಗಡಿಯೂರಿನಲ್ಲಿ ಅಬಕಾರಿಯವರು ಹುಡುಕುವುದು ಗೋವಾದ ಬಾಟಲಿಗಳನ್ನು. ನಾವು ನೋಡಬೇಕಾದದ್ದು ಆ ಗೆರೆಯನ್ನು.

ಗೆರೆ ಹೀಗೆ ವಾಲುವುದಕ್ಕೆ ಕಾರಣ ಸರಳ. ಎಂಜಿನ್ನು, ಕ್ಯಾಬಿನ್ನು, ಡ್ರೈವರು ಎಲ್ಲರೂ ಮುಂದೆಯೇ ಇರುವುದರಿಂದ ಮುಂದಿನ ಕಮಾನಿನ, ಎಂದರೆ ಪ್ಲೇಟುಗಳ ಸ್ಪ್ರಿಂಗಿನ, ಮೇಲೆ ಸದಾ ಭಾರ ಇರುತ್ತದೆ. ಲಾರಿ ಖಾಲಿಯಾದರೂ ತುಂಬಿದರೂ ಅಲ್ಲಿ ಅಷ್ಟೇನೂ ವ್ಯತ್ಯಾಸವಿಲ್ಲ. ಹಿಂದಿನ ಕಮಾನನ್ನು ಮಾತ್ರ ಹತ್ತು ಟನ್ ಹೊರಲೆಂದೇ ಕಟ್ಟಿರುತ್ತಾರೆ. ಹೊರೆ ಇಳಿದ ಕೂಡಲೇ ಅದು ಸೆಟೆದು ನಿಲ್ಲುತ್ತದೆ. ಹಾಗಾಗಿ ಖಾಲಿ ಲಾರಿಯ ಮೂತಿ ತಾನಾಗಿಯೇ ತಗ್ಗಿದಂತೆ ಕಾಣುತ್ತದೆ. ಮೂತಿ ಇಳಿದದ್ದಲ್ಲ, ಬೆನ್ನು ಏರಿದ್ದು.

ಇನ್ನು ಕೆಲವರಿಗೆ ಮೂತಿ ನಿಜವಾಗಿಯೇ, ಶಾಶ್ವತವಾಗಿ ತಗ್ಗಬೇಕು. ಅಮೆರಿಕದಲ್ಲಿ ಹಳೆಯ ಲಾರಿ, ಪಿಕಪ್‌ಗಳನ್ನು ಕೊಂಡು ಮುಂಭಾಗವನ್ನು ನಾಲ್ಕೈದು ಇಂಚು ಇಳಿಸಿ ಓಡಿಸುವುದು ದೊಡ್ಡ ಹವ್ಯಾಸ. 1947ರಿಂದ 1955ರವರೆಗೆ ತಯಾರಾದ ಶೆವ್ರೊಲೆ ಪಿಕಪ್, 1948ರಲ್ಲಿ ಶುರುವಾದ ಫೋರ್ಡ್ ಎಫ್ ಸರಣಿ ಅವರ ಅಚ್ಚುಮೆಚ್ಚು. ಈ ಹೆಸರುಗಳು ನಮಗೂ ತೀರ ಪರಕೀಯವಲ್ಲ. ಜನರಲ್ ಮೋಟರ್ಸ್ ಕಂಪನಿ 1928ರಲ್ಲೇ ಮುಂಬಯಿಯಲ್ಲಿ ಶೆವ್ರೊಲೆ ವಾಹನಗಳನ್ನು ಜೋಡಿಸತೊಡಗಿತ್ತು. ಕಾರವಾರ, ಅಂಕೋಲಾಗಳು 1956ರವರೆಗೂ ಮುಂಬಯಿ ಆಡಳಿತದಲ್ಲೇ ಇದ್ದವು. 1954ರಲ್ಲಿ ಟಾಟಾ ಕಂಪನಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು ಜಮ್ಶೆಡ್‌ಪುರದಲ್ಲಿ ಲಾರಿ ಮಾಡತೊಡಗಿತು. ಮೂಗು ಮುಂದೆ ಚಾಚಿದ ಆ ಹಳೆಯ ಲಾರಿಗಳ ಅಸ್ಥಿಪಂಜರಕ್ಕೂ ಶೆವ್ರೊಲೆಯದಕ್ಕೂ ಮೂಲತಃ ಭೇದವಿಲ್ಲ: ಎರಡು ಉದ್ದ ತೊಲೆಗಳು, ನಡುನಡುವೆ ಅಡ್ಡಪಟ್ಟಿಗಳು, ಕೆಳಗೆ ಕಮಾನು, ಅದಕ್ಕೂ ಕೆಳಗೆ ಇಡಿಯಾದ ಒಂದು ಆಕ್ಸಲ್.

ಮೂತಿ ಏಕೆ ಇಳಿಸಬೇಕು ಎಂದು ಕೇಳಿದರೆ ಹವ್ಯಾಸಿಗಳು ಗುರುತ್ವ ಕೇಂದ್ರದ ಮಾತಾಡುತ್ತಾರೆ. ಭಾರ ನೆಲಕ್ಕೆ ಹತ್ತಿರವಾದಷ್ಟೂ ತಿರುವಿನಲ್ಲಿ ವಾಹನ ಕಡಿಮೆ ವಾಲುತ್ತದೆ ಎನ್ನುತ್ತಾರೆ. ಸುಳ್ಳೇನಲ್ಲ. ಆದರೆ ಮುಂಭಾಗ ಮಾತ್ರ ನಾಲ್ಕಿಂಚು ಇಳಿದರೆ ಗುರುತ್ವ ಕೇಂದ್ರ ಇಳಿಯುವುದು ಎರಡಿಂಚಿನ ಆಸುಪಾಸು. ಅಷ್ಟಕ್ಕಾಗಿ ಯಾರೂ ಚಾಸಿಗೆ ಗರಗಸ ಇಡುವುದಿಲ್ಲ. ನಿಜವಾದ ಕಾರಣ ಚಂದ. ಚಂದಕ್ಕಾಗಿ ಮಾಡಿದ ಕೆಲಸಕ್ಕೂ ಭೌತಶಾಸ್ತ್ರ ತನ್ನ ಬಿಲ್ಲು ಕಳಿಸುತ್ತದೆ, ಈ ಅಧ್ಯಾಯ ಆ ಬಿಲ್ಲಿನ ಕುರಿತು.

ಮೊದಲು ಒಂದು ಪ್ರಶ್ನೆ. ಲಾರಿಯ ತೊಲೆಗೂ ಆಕ್ಸಲ್‌ಗೂ ನಡುವೆ ಅಷ್ಟೊಂದು ಜಾಗ ಏಕೆ ಬಿಟ್ಟಿರುತ್ತಾರೆ? ಗುಂಡಿ ಬಂದಾಗ ಆಕ್ಸಲ್ ಮೇಲೇಳಲು ಅದು ಬೇಕು. ಗಾಲಿ ಕಲ್ಲು ಹತ್ತುವಾಗ ಆಕ್ಸಲ್ ಮೂರು ನಾಲ್ಕು ಇಂಚು ಮೇಲಕ್ಕೆ ಜಿಗಿಯುತ್ತದೆ. ಆ ಜಾಗ ಇಲ್ಲದಿದ್ದರೆ ಆಕ್ಸಲ್ ಬಂದು ತೊಲೆಗೋ ಎಂಜಿನ್ನಿನ ಆಯಿಲ್ ಸಂಪಿಗೋ ಬಡಿಯುತ್ತದೆ. ಆ ಹೊಡೆತಕ್ಕೆ ಕಮಾನಿನ ಮೆತ್ತೆ ಇರುವುದಿಲ್ಲ. ಟನ್‌ಗಟ್ಟಲೆ ಬಲ ನೇರ ಉಕ್ಕಿಗೆ ಬೀಳುತ್ತದೆ. ಕಣ್ಣಿಗೆ ಖಾಲಿಯಾಗಿ ಕಾಣುವ ಆ ನಾಲ್ಕಿಂಚು ಲಾರಿಯ ಅತ್ಯಂತ ದುಡಿಯುವ ಭಾಗ. ಮೂತಿ ಇಳಿಸುವವರು ಕದಿಯುವುದು ಅದನ್ನೇ.

ಅಗ್ಗದ ಕಳ್ಳತನವೆಂದರೆ ಕಮಾನಿನಿಂದ ಒಂದೆರಡು ಪ್ಲೇಟು ತೆಗೆಯುವುದು. ಯು ಬೋಲ್ಟ್ ಬಿಚ್ಚಿ, ಸೆಂಟರ್ ಬೋಲ್ಟ್ ಕಳಚಿದರೆ ಅರ್ಧ ದಿನದ ಕೆಲಸ. ಒಂದೇ ದಪ್ಪದ ಎಂಟು ಪ್ಲೇಟುಗಳಲ್ಲಿ ಎರಡನ್ನು ತೆಗೆದರೆ ಕಮಾನಿನ ಬಿಗುವು ಕಾಲು ಭಾಗ ಇಳಿಯುತ್ತದೆ. ಲಾರಿ ತಗ್ಗುತ್ತದೆ, ಸವಾರಿ ಮೆತ್ತಗೂ ಆಗುತ್ತದೆ. ಆದರೆ ಉಳಿದ ಆರು ಪ್ಲೇಟುಗಳು ಎಂಟರ ಭಾರ ಹೊರಬೇಕು. ಜೊತೆಗೆ ಮೆತ್ತಗಾದ ಕಮಾನು ಗುಂಡಿಯಲ್ಲಿ ಹೆಚ್ಚು ಬಾಗುತ್ತದೆ, ಬಾಗಲು ಉಳಿದಿರುವ ಜಾಗವೋ ಕಡಿಮೆ. ಬೇಡಿಕೆ ಏರಿತು, ಪೂರೈಕೆ ಇಳಿಯಿತು. ಕಮಾನು ಕಟ್ ಆಗುವುದು ಹೀಗೆಯೇ.

ಇದೇ ಆಟವನ್ನು ಉತ್ತರ ಕನ್ನಡ ಜಿಲ್ಲೆ ತಿರುವುಮುರುವಾಗಿ ನೋಡಿದೆ. 2010ಕ್ಕೆ ಮುಂಚಿನ ಕೆಲವು ವರ್ಷ ಬಳ್ಳಾರಿ, ಹೊಸಪೇಟೆ, ಸಂಡೂರಿನ ಕಬ್ಬಿಣದ ಅದಿರು ಹುಬ್ಬಳ್ಳಿ, ಯಲ್ಲಾಪುರ ಹಾಯ್ದು, ಅರಬೈಲ್ ಘಾಟ್ ಇಳಿದು ಅಂಕೋಲಾದ ಬೇಲೆಕೇರಿ ಬಂದರಿಗೆ ಬರುತ್ತಿತ್ತು. ರಸ್ತೆಯ ತುಂಬ ಕೆಂಪು ದೂಳು. ಅದಿರಿನ ಒಂದು ವಿಶೇಷವೆಂದರೆ ಅದು ಲಾರಿಯನ್ನು ತುಂಬುವುದೇ ಇಲ್ಲ. ಒಂದು ಘನ ಮೀಟರ್ ಅದಿರಿನ ಪುಡಿ ಸುಮಾರು ಎರಡೂವರೆ ಟನ್ ತೂಗುತ್ತದೆ. ಹತ್ತು ಗಾಲಿಯ ಲಾರಿಗೆ ಆಗ ಎಲ್ಲ ಸೇರಿ ಇದ್ದ ಮಿತಿ 25 ಟನ್. ಲಾರಿಯ ಸ್ವಂತ ತೂಕ ಕಳೆದರೆ ಹೇರಬಹುದಾದದ್ದು 16 ಟನ್ ಆಸುಪಾಸು. ಅಷ್ಟು ಅದಿರನ್ನು ಬಾಡಿಯಲ್ಲಿ ಹರಡಿದರೆ ಬರುವ ಎತ್ತರ ಅರ್ಧ ಮೀಟರ್ ಮಾತ್ರ. ಮೇಲೆ ಅಷ್ಟೊಂದು ಖಾಲಿ ಜಾಗ ಕಾಣುವಾಗ ಯಾರ ಕೈ ತಡೆದೀತು? ಹೇರಿದರು. ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ 2011ರ ಲೋಕಾಯುಕ್ತ ವರದಿ ಅಕ್ರಮ ಗಣಿಗಾರಿಕೆಯ ಜೊತೆ ಈ ಮಿತಿಮೀರಿದ ಹೇರಿನ ಕಥೆಯನ್ನೂ ಬಿಚ್ಚಿಟ್ಟಿತು.

ಮಿತಿ ಮೀರಿ ಹೇರುವ ಲಾರಿಗಳ ಕಮಾನಿಗೆ ಪ್ಲೇಟು ಸೇರಿಸಿ ಕೊಡುವುದು ನಮ್ಮ ಹೆದ್ದಾರಿ ಬದಿಯ ಗ್ಯಾರೇಜುಗಳಿಗೆ ಹೊಸ ವಿದ್ಯೆಯಲ್ಲ. ಹಿಂಭಾಗ ಕುಸಿಯದಿದ್ದರೆ ಚೆಕ್‌ಪೋಸ್ಟಿನಲ್ಲಿ ಗೆರೆಯೂ ವಾಲುವುದಿಲ್ಲ! ಆದರೆ ಹೊರೆ ಇಳಿಸಿ ಘಾಟ್ ಹತ್ತುವಾಗ ಆ ಲಾರಿಗೆ ಏನಾಗುತ್ತದೆ ಎಂಬುದಕ್ಕೆ ಒಂದು ಪುಟ್ಟ ಸೂತ್ರವಿದೆ. ಭಾರಕ್ಕೆ ಕಮಾನು ಎಷ್ಟು ಸೆಂಟಿಮೀಟರ್ ಬಾಗಿದೆಯೋ ಅದರ ವರ್ಗಮೂಲದಿಂದ 5ನ್ನು ಭಾಗಿಸಿ. ಲಾರಿ ಸೆಕೆಂಡಿಗೆ ಎಷ್ಟು ಬಾರಿ ಮೇಲೆ ಕೆಳಗೆ ತೂಗುತ್ತದೆ ಎಂಬ ಉತ್ತರ ಹೆಚ್ಚುಕಡಿಮೆ ಸಿಗುತ್ತದೆ. ತುಂಬಿದ ಲಾರಿಯಲ್ಲಿ ಕಮಾನು 10 ಸೆಂಟಿಮೀಟರ್ ಬಾಗಿದ್ದರೆ ಸೆಕೆಂಡಿಗೆ 1.6 ಬಾರಿ, ಹಿತವಾದ ತೂಗಾಟ. ಹೊರೆ ಇಳಿದು ಭಾರ ಕಾಲು ಪಾಲಾದರೆ ಬಾಗು ಎರಡೂವರೆ ಸೆಂಟಿಮೀಟರಿಗೆ ಇಳಿದು ತೂಗಾಟ 3.2ಕ್ಕೆ ಏರುತ್ತದೆ. ಪ್ಲೇಟು ಸೇರಿಸಿ ಬಿಗುವನ್ನು ಒಂದೂವರೆ ಪಟ್ಟು ಮಾಡಿದ್ದರೆ ಅದು ಸುಮಾರು 4. ಮನುಷ್ಯನ ಮುಂಡ ಅತಿ ಹೆಚ್ಚು ನಲುಗುವುದು ಸೆಕೆಂಡಿಗೆ 4ರಿಂದ 8 ಕಂಪನಗಳ ನಡುವೆ. ಖಾಲಿ ಲಾರಿ ಓಡಿಸಿದ ಡ್ರೈವರ್ ತುಂಬಿದ ಲಾರಿ ಓಡಿಸಿದವನಿಗಿಂತ ಹೆಚ್ಚು ಸೊಂಟ ಹಿಡಿದುಕೊಳ್ಳುವುದು ಸುಮ್ಮನೆ ಅಲ್ಲ.

ರಸ್ತೆಗೂ ಪಾಲುಂಟು. ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಎಂಬಲ್ಲಿ 1958ರಿಂದ 1960ರವರೆಗೆ ಪರೀಕ್ಷೆಗೆಂದೇ ರಸ್ತೆ ಕಟ್ಟಿ, ಹಗಲಿರುಳು ಲಾರಿ ಓಡಿಸಿ ನೋಡಿದರು. ಆಕ್ಸಲ್ ಭಾರ ಹೆಚ್ಚಿದಂತೆ ರಸ್ತೆಯ ಹಾನಿ ಸುಮಾರು ಅದರ ನಾಲ್ಕನೆಯ ಘಾತದಲ್ಲಿ ಹೆಚ್ಚುತ್ತದೆ ಎಂದು ಕಂಡರು. ಭಾರ ಒಂದೂವರೆ ಪಟ್ಟಾದರೆ ಹಾನಿ ಐದು ಪಟ್ಟು. ಆ ವರ್ಷಗಳಲ್ಲಿ ಅಂಕೋಲಾ-ಹುಬ್ಬಳ್ಳಿ ರಸ್ತೆಯಲ್ಲಿ ಓಡಾಡಿದವರಿಗೆ ಈ ಗಣಿತದ ಪುರಾವೆ ಬೇಕಿಲ್ಲ.

ಮತ್ತೆ ಮೂತಿಗೆ ಬರೋಣ. ಪ್ಲೇಟು ತೆಗೆಯುವುದಕ್ಕಿಂತ ಮರ್ಯಾದಸ್ಥ ದಾರಿ ಆಕ್ಸಲ್ ಬದಲಿಸುವುದು. ನಿಂತ ಲಾರಿಯ ಮುಂದಿನಿಂದ ಬಗ್ಗಿ ನೋಡಿ. ಮುಂದಿನ ಆಕ್ಸಲ್ ನೇರ ಸಲಾಕೆಯಲ್ಲ. ಎರಡೂ ತುದಿಯಲ್ಲಿ ಗಾಲಿಯ ಹತ್ತಿರ ಮೇಲಕ್ಕೆ ಬಾಗಿ, ನಡುವೆ ತಗ್ಗಾಗಿರುತ್ತದೆ. ತುದಿಯಲ್ಲಿ ಗಾಲಿ ಎಡಬಲಕ್ಕೆ ತಿರುಗುವ ಕೀಲಾದ ಕಿಂಗ್ ಪಿನ್, ತಗ್ಗಿನಲ್ಲಿ ಕಮಾನಿನ ಪೀಠ. ಎಂಜಿನ್ನನ್ನು ಸಾಧ್ಯವಾದಷ್ಟು ಕೆಳಗೆ ಕೂರಿಸಲು ತಯಾರಕರೇ ಮಾಡಿದ ಉಪಾಯ ಇದು. ಎಂದರೆ ಕಾರ್ಖಾನೆಯಿಂದ ಬರುವ ಪ್ರತಿ ಲಾರಿಯೂ ಈಗಾಗಲೇ ಮೂತಿ ತಗ್ಗಿಸಿದ ಲಾರಿಯೇ. ಆ ತಗ್ಗನ್ನು ಇನ್ನೂ ಮೂರು ನಾಲ್ಕು ಇಂಚು ಆಳ ಮಾಡಿದರೆ ಕಮಾನು, ತೊಲೆ, ಎಂಜಿನ್ನು ಎಲ್ಲವೂ ಒಟ್ಟಿಗೆ ಕೆಳಗಿಳಿಯುತ್ತವೆ. ಆಕ್ಸಲ್‌ಗೂ ತೊಲೆಗೂ ನಡುವಿನ ಜಾಗ ಮಾತ್ರ ಹಾಗೆಯೇ ಉಳಿಯುತ್ತದೆ! ಕದಿಯದೆ ಗಳಿಸಿದ ಎತ್ತರ ಇದು. ಕ್ಯಾಲಿಫೋರ್ನಿಯಾದ ಹಳೆಯ ಹುಡುಗರು ಫೋರ್ಡ್ ಆಕ್ಸಲ್‌ನ ತುದಿಗಳನ್ನು ಕುಲುಮೆಯಲ್ಲಿ ಕಾಯಿಸಿ ಎಳೆದು ಬಗ್ಗಿಸುತ್ತಿದ್ದರು. ಎಳೆದಲ್ಲಿ ಉಕ್ಕು ತೆಳುವಾಗುತ್ತದೆ, ಕಾಯಿಸಿದಲ್ಲಿ ಹದ ಕೆಡುತ್ತದೆ. ಆದ್ದರಿಂದ ಈಗ ಜಾಣರು ಆಳವಾಗಿಯೇ ಎರಕ ಅಥವಾ ಬಡಿತದಲ್ಲಿ ತಯಾರಾದ ಹೊಸ ಆಕ್ಸಲ್ ಕೊಳ್ಳುತ್ತಾರೆ.

ಇಷ್ಟಕ್ಕೂ ತೃಪ್ತಿಯಾಗದವರು ತೊಲೆಗೆ ಕೈ ಹಾಕುತ್ತಾರೆ. ಇಲ್ಲಿಂದ ಮುಂದೆ ವಿಷಯ ಗಂಭೀರ.

ಲಾರಿಯ ತೊಲೆ ಇಂಗ್ಲಿಷಿನ ಸಿ ಅಕ್ಷರದ ಆಕಾರದ್ದು: ನಿಂತ ಒಂದು ಪಟ್ಟಿ, ಅದರ ಮೇಲಂಚು ಕೆಳಅಂಚುಗಳಲ್ಲಿ ಒಳಕ್ಕೆ ಮಡಚಿದ ಎರಡು ಪಟ್ಟಿ. ತೊಲೆ ಭಾರಕ್ಕೆ ಬಾಗುವಾಗ ಮೇಲಿನ ಮಡಿಕೆ ಒತ್ತಿಕೊಳ್ಳುತ್ತದೆ, ಕೆಳಗಿನದು ಜಗ್ಗಿಕೊಳ್ಳುತ್ತದೆ. ನಟ್ಟನಡುವಿನಲ್ಲಿ ಒತ್ತಡವೂ ಇಲ್ಲ, ಜಗ್ಗಾಟವೂ ಇಲ್ಲ. ಕಾರ್ಖಾನೆಯವರು ಪೈಪು, ವೈರು ಹಾಯಿಸಲು ನಿಂತ ಪಟ್ಟಿಯಲ್ಲಿ ಧಾರಾಳವಾಗಿ ತೂತು ಕೊರೆದು, ಮಡಿಕೆಗಳಿಗೆ ಡ್ರಿಲ್ ತಾಗಿಸಬೇಡಿ ಎಂದು ಎಚ್ಚರಿಸುವುದು ಇದಕ್ಕೇ. ಬಾಡಿ ಕಟ್ಟುವವರಲ್ಲಿ ಎಲ್ಲರೂ ಅದನ್ನು ಓದುವುದಿಲ್ಲ.

ಕೆಲಸ ಮಾಡುವುದು ಮಡಿಕೆಗಳು; ಅವುಗಳ ನಡುವಿನ ಅಂತರವೇ ತೊಲೆಯ ಕಸುವು. ಒಂದು ಉದಾಹರಣೆ ಲೆಕ್ಕ ಹಾಕೋಣ. 200 ಮಿಲಿಮೀಟರ್ ಎತ್ತರ, 70 ಮಿಲಿಮೀಟರ್ ಅಗಲದ ಮಡಿಕೆ, 6 ಮಿಲಿಮೀಟರ್ ದಪ್ಪದ ತೊಲೆ. ಆಕ್ಸಲ್‌ಗೆ ಜಾಗ ಮಾಡಲು ಅದರ ಕೆಳಭಾಗವನ್ನು 70 ಮಿಲಿಮೀಟರ್ ಕತ್ತರಿಸಿ, ಹೊಸ ಮಡಿಕೆ ಬೆಸೆದೆವು ಎನ್ನಿ. ಎತ್ತರದಲ್ಲಿ ಕಳೆದುಕೊಂಡದ್ದು ಶೇಕಡ 35. ಬಾಗುವಿಕೆಯನ್ನು ತಡೆಯುವ ಬಿಗುವಿನಲ್ಲಿ ಕಳೆದುಕೊಳ್ಳುವುದು ಶೇಕಡ 64! ಹೊರುವ ಬಲದಲ್ಲಿ ಶೇಕಡ 45. ಮೂರನೆಯ ಒಂದು ಪಾಲು ಕತ್ತರಿಸಿದೆ, ಮೂರನೆಯ ಎರಡು ಪಾಲು ಉಳಿದಿದೆ ಎಂದು ನೆಮ್ಮದಿಯಾಗಿರುವವನಿಗೆ ತೊಲೆ ಬೇರೆಯೇ ಲೆಕ್ಕ ಒಪ್ಪಿಸುತ್ತದೆ. ಹೀಗಾಗಿ ಬಲ್ಲವರು ಕತ್ತರಿಸಿದ ಭಾಗದ ಮೇಲೆ ಎತ್ತರ ಸೇರಿಸುತ್ತಾರೆ. ಇಲ್ಲವೆ ತೊಲೆಯನ್ನೇ ಕ್ಯಾಬಿನ್ನಿನ ಮುಂದೆ ಅಡ್ಡ ಕೊಯ್ದು, ಮುಂದಿನ ತುಂಡನ್ನು ನಾಲ್ಕಿಂಚು ಮೇಲಕ್ಕೆ ಸರಿಸಿ, ಮೆಟ್ಟಿಲಿನ ಹಾಗೆ ಜೋಡಿಸುತ್ತಾರೆ. ಮುಂದಿನ ತುಂಡು ಗಾಲಿಯ ಜೊತೆ ತನ್ನ ಎತ್ತರದಲ್ಲೇ ಉಳಿಯುತ್ತದೆ, ಹಿಂದಿನದೆಲ್ಲ ಕೆಳಗಿಳಿಯುತ್ತದೆ. ತೊಲೆಯ ಎತ್ತರ ಎಲ್ಲೂ ಕಡಿಮೆಯಾಗುವುದಿಲ್ಲ ಎಂಬುದು ಇದರ ಹೆಚ್ಚುಗಾರಿಕೆ. ಮೆಟ್ಟಿಲಿನ ಎರಡು ಮೂಲೆಗಳಲ್ಲಿ ಬಲ ಒಟ್ಟುಗೂಡುತ್ತದೆ ಎಂಬುದು ಇದರ ಶಾಪ.

ಬಾಗುವುದು ಒಂದು ಕಥೆ, ತಿರುಚುವುದು ಇನ್ನೊಂದು. ಅಗರಬತ್ತಿಯ ಉರುಟು ರಟ್ಟಿನ ಕೊಳವೆ ಒಂದನ್ನು ತೆಗೆದುಕೊಂಡು ಎರಡು ಕೈಯಿಂದ ತಿರುಚಿ ನೋಡಿ, ಜಗ್ಗುವುದಿಲ್ಲ. ಬ್ಲೇಡಿನಿಂದ ಉದ್ದಕ್ಕೂ ಒಂದು ಸೀಳು ಹಾಕಿ ಮತ್ತೆ ತಿರುಚಿ, ಮಾತು ಕೇಳುತ್ತದೆ. ರಟ್ಟು ಅಷ್ಟೇ ಇದೆ, ಆಕಾರ ತೆರೆದುಕೊಂಡಿದೆ. ಸಿ ಆಕಾರದ ತೊಲೆ ಹೀಗೆ ತೆರೆದ ಆಕಾರ. ಮೇಲೆ ಹೇಳಿದ ತೊಲೆಯ ತೆರೆದ ಬದಿಗೆ ಅದೇ ದಪ್ಪದ ತಗಡು ಬೆಸೆದು ಪೆಟ್ಟಿಗೆ ಮಾಡಿದರೆ ತಿರುಚುವಿಕೆಗೆ ಅದರ ವಿರೋಧ ಸುಮಾರು 300 ಪಟ್ಟು ಏರುತ್ತದೆ. ಮೂತಿ ಇಳಿಸುವವರೆಲ್ಲ ತೊಲೆಯನ್ನು ಪೆಟ್ಟಿಗೆ ಮಾಡಲು ಹಾತೊರೆಯುವುದು ಈ ಅಂಕಿಗಾಗಿ.

ನನಗೆ ಇದರಲ್ಲಿ ಎರಡು ತಕರಾರಿದೆ. ಲಾರಿಯ ಚಾಸಿ ತಿರುಚಿಕೊಳ್ಳುವುದು ದೋಷವಲ್ಲ, ಉದ್ದೇಶ. ಕಾಡಿನ ಕೂಪಿನಲ್ಲಿ ನಾಟಾ ಹೇರಿಕೊಂಡು ಬರುವ ಲಾರಿಯ ಒಂದು ಗಾಲಿ ಬಂಡೆಯ ಮೇಲಿದ್ದು ಇನ್ನೊಂದು ಹೊಂಡದಲ್ಲಿದ್ದಾಗ, ಚಾಸಿ ಸ್ವಲ್ಪ ತಿರುಚಿಕೊಂಡು ನಾಲ್ಕೂ ಗಾಲಿ ನೆಲ ಮುಟ್ಟುವಂತೆ ನೋಡಿಕೊಳ್ಳುತ್ತದೆ. ಅಡ್ಡಪಟ್ಟಿಗಳನ್ನು ಬೆಸೆಯದೆ ರಿವೆಟ್ ಹೊಡೆದಿರುವುದಕ್ಕೂ ಈ ಮಣಿಯುವ ಗುಣ ಒಂದು ಕಾರಣ. ಮುಂಭಾಗ ಮಾತ್ರ ಪೆಟ್ಟಿಗೆ ಮಾಡಿ ಹಿಂಭಾಗ ತೆರೆದೇ ಬಿಟ್ಟರೆ ತಿರುಚುವಿಕೆಯೆಲ್ಲ ಎರಡೂ ಸೇರುವ ಗೆರೆಗೆ ಬಂದು ನಿಲ್ಲುತ್ತದೆ. ಬಿರುಕು ಹುಟ್ಟುವುದು ಅಲ್ಲೇ.

ಎರಡನೆಯದು ನಮ್ಮ ಕರಾವಳಿಯ ತಕರಾರು. ಕಾರವಾರದಿಂದ ಮೀನು ಹೇರಿಕೊಂಡು ಹೊರಟ ಲಾರಿಯ ಹಿಂದೆ ಒಮ್ಮೆ ಹೋಗಿದ್ದವರಿಗೆ ಗೊತ್ತು, ದಾರಿಯುದ್ದಕ್ಕೂ ಕರಗಿದ ಮಂಜುಗಡ್ಡೆಯ ಉಪ್ಪುನೀರು ತೊಟ್ಟಿಕ್ಕುತ್ತಿರುತ್ತದೆ. ಅದು ರಸ್ತೆಗೆ ಬೀಳುವ ಮೊದಲು ಚಾಸಿಯ ಮೇಲೆ ಹರಿದಿರುತ್ತದೆ. ಅದರ ಜೊತೆ ಕಡಲ ಗಾಳಿ, ನಾಲ್ಕು ತಿಂಗಳ ಮಳೆ. ತೆರೆದ ತೊಲೆಯನ್ನು ತೊಳೆಯಬಹುದು, ಒಣಗಿಸಬಹುದು, ಬಣ್ಣ ಬಳಿಯಬಹುದು. ಪೆಟ್ಟಿಗೆ ಮಾಡಿದ ತೊಲೆಯೊಳಗೆ ಹೊಕ್ಕ ಉಪ್ಪುನೀರು ಅಲ್ಲಿಯೇ ಕೂತು ತಿನ್ನುತ್ತದೆ. ಹೊರಗೆ ಬಣ್ಣ ಹೊಳೆಯುತ್ತಿರುತ್ತದೆ, ಒಳಗೆ ಉಕ್ಕು ಹಕ್ಕಳೆಯಾಗಿರುತ್ತದೆ. ಒಣ ಹವೆಯ ಊರಿನಲ್ಲಿ ಸರಿಹೋಗುವ ಉಪಾಯ ಮಾಜಾಳಿಗೆ ಸಲ್ಲುವುದಿಲ್ಲ. ಮಾಡಲೇಬೇಕೆಂದರೆ ಅಡಿಯಲ್ಲಿ ನೀರಿಳಿಯುವ ತೂತು, ಒಳಗೆ ಮೇಣದಂಥ ಲೇಪ ಎರಡೂ ಬೇಕು.

ತುಕ್ಕು ತಿಂದ ಪುಟ್ಟ ಕುಳಿ, ವೆಲ್ಡಿಂಗಿನ ತುದಿ, ಮೆಟ್ಟಿಲಿನ ಮೂಲೆ, ಮೂರಕ್ಕೂ ಒಂದೇ ಗುಣ: ಅಲ್ಲಿ ಬಲ ಸುತ್ತಲಿಗಿಂತ ಹಲವು ಪಟ್ಟು ಹೆಚ್ಚು ಗುಂಪುಗೂಡುತ್ತದೆ. ಉಕ್ಕು ಒಂದೇ ಏಟಿಗೆ ಮುರಿಯಬೇಕಿಲ್ಲ. ಪ್ರಷ್ಯಾದ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ 1850, 60ರ ದಶಕಗಳಲ್ಲಿ ರೈಲಿನ ಆಕ್ಸಲ್‌ಗಳನ್ನು ಲಕ್ಷಾಂತರ ಬಾರಿ ಬಾಗಿಸಿ ತೋರಿಸಿದ್ದು ಇದನ್ನೇ. ಒಮ್ಮೆ ಹೇರಿದರೆ ಏನೂ ಆಗದ ಭಾರ, ಲಕ್ಷ ಬಾರಿ ಹೇರಿ ಇಳಿಸಿದರೆ ಉಕ್ಕನ್ನು ಮುರಿಯಬಲ್ಲದು. ನಮ್ಮ ಲಾರಿಗೆ ಪ್ರತಿ ಗುಂಡಿಯೂ ಒಂದು ಹೇರಿಕೆ, ಒಂದು ಇಳಿಕೆ. ಕೊಯ್ದ ತೊಲೆಯನ್ನು ನೇರ ಗೆರೆಯಲ್ಲಿ ಬೆಸೆಯದೆ ಓರೆಯಾಗಿ ಬೆಸೆಯುವುದು, ಮೇಲೆ ಹಾಕುವ ಪಟ್ಟಿಯನ್ನು ಚೌಕವಾಗಿ ಬಿಡದೆ ತುದಿಯತ್ತ ಚೂಪು ಮಾಡುವುದು, ಮಡಿಕೆಗೆ ಅಡ್ಡಡ್ಡ ವೆಲ್ಡಿಂಗ್ ಎಳೆಯದಿರುವುದು ಎಲ್ಲ ವೋಲರ್ ಕಲಿಸಿದ ಪಾಠದ ಮುಂದುವರಿಕೆ. ಹೊಸದಾಗಿ ಬೆಸೆದ ಚಾಸಿ ಗ್ಯಾರೇಜಿನಿಂದ ಗಟ್ಟಿಯಾಗಿಯೇ ಹೊರಡುತ್ತದೆ. ಅದು ಒಳ್ಳೆಯ ಕೆಲಸವೋ ಅಲ್ಲವೋ ಎಂದು ತಿಳಿಯುವುದು ಎರಡು ಮಳೆಗಾಲದ ನಂತರ.

ಕತ್ತರಿಸುವಿಕೆ ಎಷ್ಟೇ ಚೊಕ್ಕವಾಗಿರಲಿ, ಇನ್ನೊಂದು ತೊಡಕು ಉಳಿಯುತ್ತದೆ. ಕಿಂಗ್ ಪಿನ್ ನೆಟ್ಟಗೆ ನಿಂತಿರುವುದಿಲ್ಲ. ಅದರ ತಲೆ ಕೆಲವು ಡಿಗ್ರಿ ಹಿಂದಕ್ಕೆ ವಾಲಿರುತ್ತದೆ. ಸೈಕಲ್ಲಿನ ಮುಂದಿನ ಫೋರ್ಕ್ ವಾಲಿರುವುದೂ ಇದೇ ಕಾರಣಕ್ಕೆ. ಈ ವಾಲಿನಿಂದಲೇ ಸ್ಟೀರಿಂಗ್ ತಿರುವು ಮುಗಿದ ಮೇಲೆ ತಾನಾಗಿ ನೇರಕ್ಕೆ ಮರಳುತ್ತದೆ. ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವೆ ಮೂರು ಮೀಟರ್ ಇರುವ ಪಿಕಪ್ಪಿನ ಮೂತಿಯನ್ನು ಮಾತ್ರ ನಾಲ್ಕಿಂಚು ಇಳಿಸಿದರೆ ಇಡೀ ವಾಹನ ಸುಮಾರು ಎರಡು ಡಿಗ್ರಿ ಮುಂದಕ್ಕೆ ವಾಲುತ್ತದೆ. ಕಿಂಗ್ ಪಿನ್ನಿನ ವಾಲು ಅಷ್ಟೇ ಕಡಿಮೆಯಾಗುತ್ತದೆ. ಮೊದಲೇ ಇದ್ದದ್ದು ಮೂರು ನಾಲ್ಕು ಡಿಗ್ರಿ ಎಂದಮೇಲೆ ಅರ್ಧ ಹೋಯಿತು. ಹೆದ್ದಾರಿಯ ವೇಗದಲ್ಲಿ ವಾಹನ ಅತ್ತಿತ್ತ ಎಳೆಯತೊಡಗುತ್ತದೆ. ಮದ್ದು ಸುಲಭ: ಕಮಾನಿಗೂ ಆಕ್ಸಲ್ ಪೀಠಕ್ಕೂ ನಡುವೆ ಎರಡು ಡಿಗ್ರಿಯ ಲೋಹದ ಬೆಣೆ. ಹೆಡ್‌ಲೈಟೂ ಅಷ್ಟೇ ಕೆಳಗೆ ನೋಡುತ್ತದೆ. ನಾಲ್ಕು ಮೀಟರಿಗೂ ಸ್ವಲ್ಪ ಹೆಚ್ಚು ಅಂತರದ ಲಾರಿಯಲ್ಲಿ ಕೋನ ಇನ್ನೂ ಚಿಕ್ಕದಾದರೂ ಇಪ್ಪತ್ತೈದು ಮೀಟರ್ ಮುಂದೆ ಬೆಳಕು 60 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಹಿಂದೆ ಮಿತಿಮೀರಿ ಹೇರಿದ ಲಾರಿಯಲ್ಲಿ ಇದೇ ಲೆಕ್ಕ ಮೇಲ್ಮುಖ. ರಾತ್ರಿ ಎದುರಿನ ಲಾರಿಯ ದೀಪ ನೇರ ಕಣ್ಣಿಗೆ ಬಡಿದಾಗ ಬೈಯಬೇಕಾದದ್ದು ಡ್ರೈವರನ್ನಲ್ಲ, ಹೇರಿದವನನ್ನು.

ಕಾನೂನು ಇದನ್ನೆಲ್ಲ ಹೇಗೆ ನೋಡುತ್ತದೆ? ಕ್ಯಾಲಿಫೋರ್ನಿಯಾ 1950ರ ದಶಕದ ಕೊನೆಗೆ ಒಂದು ಸರಳ ಗೆರೆ ಎಳೆಯಿತು. ಗಾಲಿಯ ರಿಮ್ಮಿನ ಕೆಳ ಅಂಚಿಗಿಂತ ಕೆಳಕ್ಕೆ ವಾಹನದ ಬೇರಾವ ಭಾಗವೂ ಬರಕೂಡದು. ಟೈರು ಒಡೆದರೆ ನೆಲ ಮುಟ್ಟುವುದು ರಿಮ್ಮೇ ಆಗಬೇಕು, ಚಾಸಿಯಲ್ಲ. ಅದರ ಮೇಲೆ ಎಷ್ಟು ಬೇಕಾದರೂ ಆಟವಾಡಿ. ನಮ್ಮ ಗೆರೆ ಬೇರೆ ಕಡೆ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ನೋಂದಣಿ ಪತ್ರದ ವಿವರಗಳು ತಯಾರಕ ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಮಾಲೀಕ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ನಂತರ ಅಕ್ರಮ ಮಾರ್ಪಾಡಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. ನಮ್ಮ ಕಾನೂನು ಹವ್ಯಾಸಿಗಳ ಪಾಲಿಗೆ ಬಲು ಬಿಗಿ, ನಿಜ. ಆದರೆ ಅದಿರಿನ ಲಾರಿಗಳ ಕಾಲವನ್ನು ಕಂಡವರು ಅದನ್ನು ಸಡಿಲಿಸಿ ಎಂದು ಕೇಳುವುದು ಕಷ್ಟ.

ಮನೆಯ ಹಿಂದೆ ಹಳೆಯ ಬಾನೆಟ್ ಲಾರಿಯೊಂದು ನಿಂತಿದ್ದು, ಅದನ್ನು ಚಂದ ಮಾಡುವ ಆಸೆ ನಿಮಗಿದ್ದರೆ, ಮೊದಲು ಆರ್‌ಟಿಒ ಕಚೇರಿಯಲ್ಲಿ ಯಾವ ಬದಲಾವಣೆಗೆ ಅನುಮತಿ ಸಿಗುತ್ತದೆ ಎಂದು ಬರಹದಲ್ಲಿ ಪಡೆಯಿರಿ. ಸಿಕ್ಕಿದರೂ ಆಕ್ಸಲ್ ಹಂತಕ್ಕೇ ನಿಲ್ಲಿಸಿ, ತೊಲೆಯನ್ನು ಮುಟ್ಟಬೇಡಿ. ಮೂತಿ ಇಳಿಸುವವರು ಕೊಯ್ಯುವ ಆ ಮುಂದಿನ ತುಂಡಿನ ಮೇಲೆಯೇ ನಮ್ಮ ಲಾರಿಗಳಲ್ಲಿ ಸಾಮಾನ್ಯವಾಗಿ ಚಾಸಿ ನಂಬರು ಕೊರೆದಿರುತ್ತದೆ. ನಂಬರು ಅಳಿದ ಲಾರಿಗೆ ಫಿಟ್‌ನೆಸ್ ಸರ್ಟಿಫಿಕೇಟ್ ಸಿಗುವುದಿಲ್ಲ.